ಚೆಂಡು ಎತ್ತಿಕೊಂಡು ಓಡಿದ ಹುಡುಗನಿಂದ ರಗ್ಬಿ ಹುಟ್ಟಿತೇ? ವಿಲಿಯಂ ವೆಬ್ ಎಲ್ಲಿಸ್ ಅವರ ನಿಜ ಕಥೆ

1823ನೇ ಇಸವಿ. ಇಂಗ್ಲೆಂಡಿನ ರಗ್ಬಿ ಶಾಲೆಯ ಮೈದಾನದಲ್ಲಿ ಹುಡುಗರು ಫುಟ್‌ಬಾಲ್ ಆಡುತ್ತಿದ್ದಾರೆ. ಇದ್ದಕ್ಕಿದ್ದಂತೆ ಒಬ್ಬ ಹುಡುಗ ಚೆಂಡನ್ನು ಕೈಗೆತ್ತಿಕೊಂಡು ಓಡಿಬಿಡುತ್ತಾನೆ. ರಗ್ಬಿ ಎಂಬ ಹೊಸ ಆಟ ಹುಟ್ಟುತ್ತದೆ!

ಕ್ವಿಜ್ ಪುಸ್ತಕದಲ್ಲೋ ಜಿಕೆ ಫಾರ್ವರ್ಡ್‌ನಲ್ಲೋ ನೀವು ಇದನ್ನು ಓದಿರಬಹುದು. ಶಾಲೆ ನಿಜ, ಹುಡುಗನೂ ನಿಜ. ಆದರೆ ಆ ಓಟವನ್ನು ಕಣ್ಣಾರೆ ಕಂಡವರು ಒಬ್ಬರೂ ಸಿಕ್ಕಿಲ್ಲ.

ವಿಲಿಯಂ ವೆಬ್ ಎಲ್ಲಿಸ್ ಹುಟ್ಟಿದ್ದು 1806ರಲ್ಲಿ. ತಂದೆ ಸೈನ್ಯದಲ್ಲಿದ್ದರು. ನೆಪೋಲಿಯನ್ ಪಡೆಗಳ ವಿರುದ್ಧ ಸ್ಪೇನ್‌ನಲ್ಲಿ ನಡೆದ ಅಲ್ಬುಎರಾ ಕದನದಲ್ಲಿ ತೀರಿಕೊಂಡರು. ಇಬ್ಬರು ಗಂಡುಮಕ್ಕಳನ್ನು ಓದಿಸುವ ಹೊಣೆ ತಾಯಿಯ ಮೇಲೆ ಬಿತ್ತು. ಆಕೆ ಮಕ್ಕಳೊಂದಿಗೆ ರಗ್ಬಿ ಊರಿಗೇ ಬಂದು ನೆಲೆಸಿದರು.

ಇದಕ್ಕೊಂದು ಕಾರಣವಿತ್ತು. ಆ ಶಾಲೆಯನ್ನು 1567ರಲ್ಲಿ ಸ್ಥಾಪಿಸಿದ್ದು ಲಾರೆನ್ಸ್ ಶೆರಿಫ್ ಎಂಬ ಲಂಡನ್ನಿನ ದಿನಸಿ ವ್ಯಾಪಾರಿ. ತನ್ನೂರಿನ ಹುಡುಗರು ಹಣವಿಲ್ಲದೆ ಓದಬೇಕೆಂದು ಆತ ಉಯಿಲು ಬರೆದಿಟ್ಟಿದ್ದ. ಕಾಲ ಕಳೆದಂತೆ ಅದು ದೂರದೂರಿನ ಸಿರಿವಂತರ ಮಕ್ಕಳ ವಸತಿ ಶಾಲೆಯಾಯಿತು. ಆದರೂ ಹತ್ತಿರದಲ್ಲಿ ಮನೆಯಿದ್ದವರಿಗೆ ಶುಲ್ಕ ವಿನಾಯಿತಿ ಉಳಿದಿತ್ತು. ವಿಲಿಯಂ ಓದಿದ್ದು ಅದೇ ಸೌಲಭ್ಯದಲ್ಲಿ, 1816ರಿಂದ 1825ರವರೆಗೆ.

ಈಗ ಆಟಕ್ಕೆ ಬರೋಣ. ಅವರು ಆಡುತ್ತಿದ್ದುದು ಇಂದು ನಾವು ಟಿವಿಯಲ್ಲಿ ನೋಡುವ ಫುಟ್‌ಬಾಲ್ ಅಲ್ಲವೇ ಅಲ್ಲ. ಆಗ ಒಂದೊಂದು ಶಾಲೆಗೆ ಒಂದೊಂದು ನಿಯಮ. ರಗ್ಬಿಯಲ್ಲಿ ಮೇಲಿಂದ ಬಂದ ಚೆಂಡನ್ನು ಕೈಯಲ್ಲಿ ಹಿಡಿಯುವುದು ತಪ್ಪೇ ಆಗಿರಲಿಲ್ಲ. ಹಿಡಿದವನು ಹಿಂದೆ ಸರಿದು ಒದೆಯಬಹುದಿತ್ತು. ಮುಂದಕ್ಕೆ ಓಡುವಂತಿರಲಿಲ್ಲ, ಅಷ್ಟೇ.

ಹಾಗಾದರೆ ಈ ಕಥೆ ಎಲ್ಲಿಂದ ಬಂತು? 1876ರಲ್ಲಿ ಮ್ಯಾಥ್ಯೂ ಬ್ಲಾಕ್ಸಮ್ ಎಂಬ ಹಳೆಯ ವಿದ್ಯಾರ್ಥಿ ಶಾಲೆಯ ಪತ್ರಿಕೆಗೆ ಒಂದು ಪತ್ರ ಬರೆದರು. ಎಲ್ಲಿಸ್ ಚೆಂಡು ಹಿಡಿದು ಓಡಿದ್ದು 1824ರಲ್ಲಿ ಎಂದರು. ನಾಲ್ಕು ವರ್ಷದ ನಂತರ ಮತ್ತೆ ಬರೆದು 1823 ಎಂದರು. ಓಟ ನಡೆಯಿತು ಎನ್ನುವ ಹೊತ್ತಿಗೆ ಬ್ಲಾಕ್ಸಮ್ ಶಾಲೆ ಬಿಟ್ಟಾಗಿತ್ತು. ಯಾರೋ ಹೇಳಿದ್ದನ್ನು ಕೇಳಿ, ಐವತ್ತು ವರ್ಷದ ಮೇಲೆ ಬರೆದದ್ದು. ಇಂದಿನ ಲೆಕ್ಕದಲ್ಲಿ ಇದೂ ಒಂದು ಫಾರ್ವರ್ಡ್!

1895ರಲ್ಲಿ ಹಳೆಯ ವಿದ್ಯಾರ್ಥಿಗಳ ಸಂಘ ತನಿಖೆಗೆ ಇಳಿಯಿತು. ಎಲ್ಲಿಸ್ ಕಾಲದಲ್ಲಿ ಓದಿದ್ದ ಥಾಮಸ್ ಹ್ಯಾರಿಸ್, ಆತ ಆಟದಲ್ಲಿ ಸ್ವಲ್ಪ ಅಡ್ಡದಾರಿ ಹಿಡಿಯುವವನೆಂದು ನೆನಪಿಸಿಕೊಂಡರೂ ಆ ಓಟವನ್ನು ತಾನು ನೋಡಿಲ್ಲ ಎಂದರು. 1834ರಲ್ಲಿ ಶಾಲೆ ಸೇರಿದ ಲೇಖಕ ಥಾಮಸ್ ಹ್ಯೂಸ್ ಅವರ ಪ್ರಕಾರ, ತಮ್ಮ ಕಾಲಕ್ಕೆ ಇಂಥದ್ದೊಂದು ಕಥೆ ಶಾಲೆಯಲ್ಲಿ ಇರಲೇ ಇಲ್ಲ. ಚೆಂಡು ಹಿಡಿದು ಓಡುವುದನ್ನು 1838-39ರ ಸುಮಾರಿಗೆ ರೂಢಿಗೆ ತಂದವನು ಜೆಮ್ ಮ್ಯಾಕಿ ಎಂಬ ಹುಡುಗ ಎಂದೂ ಹ್ಯೂಸ್ ಹೇಳಿದರು. ಅದು ನಿಯಮಬದ್ಧವಾಗಿದ್ದು 1840ರ ದಶಕದ ಆರಂಭದಲ್ಲಿ. ಬರಹದ ನಿಯಮಾವಳಿ ಬಂದದ್ದು 1845ರಲ್ಲಿ.

ಇಷ್ಟೆಲ್ಲ ಕೇಳಿಸಿಕೊಂಡ ಸಂಘ, ಶುರು ಮಾಡಿದವನು ಬಹುಶಃ ಎಲ್ಲಿಸ್ ಇರಬೇಕು ಎಂದು ವರದಿ ಕೊಟ್ಟಿತು. ಮುಂದೆ ಶಾಲೆಯಲ್ಲಿ ಕಲ್ಲಿನ ಫಲಕ ನೆಟ್ಟಾಗ ಆ ‘ಬಹುಶಃ’ ಮಾಯವಾಗಿತ್ತು. ಪಾಪ, ಮ್ಯಾಕಿಯ ಹೆಸರು ಇಂದು ಎಷ್ಟು ಜನರಿಗೆ ಗೊತ್ತು?

ಎಲ್ಲಿಸ್ ಅವರ ಉಳಿದ ಬದುಕಿನಲ್ಲಿ ರಗ್ಬಿಯ ಸುದ್ದಿಯೇ ಇಲ್ಲ. ಆಕ್ಸ್‌ಫರ್ಡ್‌ನಲ್ಲಿ ಓದಿದರು. 1827ರಲ್ಲಿ ಕೇಂಬ್ರಿಡ್ಜ್ ವಿರುದ್ಧದ ಮೊಟ್ಟಮೊದಲ ವಿಶ್ವವಿದ್ಯಾಲಯ ಪಂದ್ಯದಲ್ಲಿ ಆಕ್ಸ್‌ಫರ್ಡ್ ಪರ ಆಡಿದರು, ಅದೂ ಕ್ರಿಕೆಟ್! ನಂತರ ಪಾದ್ರಿಯಾಗಿ ಲಂಡನ್ನಿನ ಸೇಂಟ್ ಕ್ಲೆಮೆಂಟ್ ಡೇನ್ಸ್ ಚರ್ಚ್‌ನಲ್ಲಿ, ಆಮೇಲೆ ಎಸೆಕ್ಸ್‌ನ ಒಂದು ಹಳ್ಳಿಯಲ್ಲಿ ಸೇವೆ ಸಲ್ಲಿಸಿದರು. ಮದುವೆಯಾಗಲಿಲ್ಲ. 1872ರಲ್ಲಿ ಫ್ರಾನ್ಸಿನ ಮಾಂಟೋನ್ ಎಂಬ ಕಡಲತೀರದ ಊರಿನಲ್ಲಿ ನಿಧನರಾದರು. ಬ್ಲಾಕ್ಸಮ್ ಪತ್ರ ಬಂದದ್ದು ಅದಾದ ನಾಲ್ಕು ವರ್ಷಕ್ಕೆ. ಹಾಗಾಗಿ ಹೌದು ಎನ್ನಲಿಕ್ಕೂ ಅಲ್ಲ ಎನ್ನಲಿಕ್ಕೂ ಎಲ್ಲಿಸ್ ಇರಲಿಲ್ಲ.

ಅವರ ಸಮಾಧಿ ಎಲ್ಲಿದೆ ಎಂಬುದೂ ಮರೆತುಹೋಗಿತ್ತು. 1950ರ ದಶಕದ ಕೊನೆಯಲ್ಲಿ ಅದನ್ನು ಹುಡುಕಿ ತೆಗೆದವರು ರಾಸ್ ಮೆಕ್‌ವರ್ಟರ್. ಗಿನ್ನೆಸ್ ದಾಖಲೆ ಪುಸ್ತಕದ ಇಬ್ಬರು ಸಂಪಾದಕರಲ್ಲಿ ಒಬ್ಬರು. 1987ರಲ್ಲಿ ಮೊದಲ ರಗ್ಬಿ ವಿಶ್ವಕಪ್ ನಡೆದಾಗ ಟ್ರೋಫಿಗೆ ವೆಬ್ ಎಲ್ಲಿಸ್ ಕಪ್ ಎಂದೇ ಹೆಸರಿಟ್ಟರು. ಮಾಂಟೋನ್‌ನ ಆ ಸಮಾಧಿಗೆ ಇಂದಿಗೂ ರಗ್ಬಿ ಅಭಿಮಾನಿಗಳು ಹೋಗಿಬರುತ್ತಾರೆ.