ಎಷ್ಟು ಓಲಾಡಿದರೆ ತಲೆ ಸುತ್ತುತ್ತದೆ?

ನಾನು ಕಾಮರ್ಸ್ ವಿದ್ಯಾರ್ಥಿ, ಕಟ್ಟಡದ ಲೆಕ್ಕ ನನಗೆ ಬಾರದು. ಆದರೂ ಇಂಜಿನಿಯರ್ ಫಜ್ಲುರ್ ರಹಮಾನ್ ಖಾನ್ ಅವರ ಬಗ್ಗೆ ಬರೆಯಬೇಕೆನಿಸಿತು. ಅವರು 1929ರಲ್ಲಿ ಢಾಕಾದಲ್ಲಿ ಹುಟ್ಟಿದರು. ಅಮೆರಿಕದಲ್ಲಿ ಪಿಎಚ್.ಡಿ. ಮುಗಿಸಿ ಶಿಕಾಗೋದಲ್ಲಿ ಕೆಲಸಕ್ಕೆ ಸೇರಿದರು.

ಎತ್ತರದ ಕಟ್ಟಡ ಗಾಳಿಗೆ ಬೀಳದಿದ್ದರೆ ಸಾಲದು. ಓಲಾಡಿದರೆ ಮೇಲಿನ ಮಹಡಿಯವರಿಗೆ ತಲೆ ಸುತ್ತುತ್ತದೆ. ಅಂಥ ಮನೆಗೆ ಬಾಡಿಗೆಗೆ ಯಾರು ಬರುತ್ತಾರೆ? 100 ಮಹಡಿಯ ಜಾನ್ ಹ್ಯಾನ್‌ಕಾಕ್ ಸೆಂಟರ್‌ನ ವಿನ್ಯಾಸ ಮಾಡುವಾಗ ಖಾನ್ ಅವರು ಶಿಕಾಗೋದ ಒಂದು ಮ್ಯೂಸಿಯಂಗೆ ಹೋದರು. ಅಲ್ಲಿ ವಾಷಿಂಗ್ ಮೆಷಿನ್ ಪ್ರದರ್ಶನದ ತಿರುಗುವ ವೇದಿಕೆಯ ಮೇಲೆ ಜನರನ್ನು ಕೂರಿಸಿ, ನಿಲ್ಲಿಸಿ, ಎಷ್ಟು ಚಲನೆ ಗೊತ್ತಾಗುತ್ತದೆಂದು ಪರೀಕ್ಷಿಸಿದರು. ಓದಿ ನನಗೆ ನಗು ಬಂತು. ಹೊರಗೋಡೆಗಳಿಗೆ ಉಕ್ಕಿನ ದೊಡ್ಡ ಓರೆ ತೊಲೆಗಳನ್ನು ಎಕ್ಸ್ ಆಕಾರದಲ್ಲಿ ಜೋಡಿಸಿ, ಇಡೀ ಕಟ್ಟಡವನ್ನೇ ಗಟ್ಟಿ ಕೊಳವೆಯಂತೆ ನಿಲ್ಲಿಸಿದರು. ಚದರ ಅಡಿಗೆ ಸುಮಾರು 30 ಪೌಂಡ್ ಉಕ್ಕು ಸಾಕಾಯಿತು, ಎಂಪೈರ್ ಸ್ಟೇಟ್‌ಗೆ ಸುಮಾರು 42 ಬೇಕಾಗಿತ್ತು. ಈ ಲೆಕ್ಕ ಮಾತ್ರ ನನಗೆ ಚೆನ್ನಾಗಿ ಅರ್ಥವಾಯಿತು.

ಜಿದ್ದಾದ ಹಜ್ ಟರ್ಮಿನಲ್‌ನ ಬಿಳಿ ಡೇರೆಗಳೂ ಅವರ ತಂಡದ್ದೇ. ನಮ್ಮ ನಾನಿ ಹಜ್‌ಗೆ ಹೋದಾಗ ಅವುಗಳ ನೆರಳಲ್ಲಿ ಕೂತಿದ್ದರಂತೆ. ಯಾರು ಕಟ್ಟಿದ್ದೆಂದು ಅವರಿಗೆ ಗೊತ್ತಿರಲಿಲ್ಲ. 1982ರಲ್ಲಿ, 52ನೇ ವಯಸ್ಸಿನಲ್ಲಿ, ಖಾನ್ ಅವರು ಅದೇ ಜಿದ್ದಾದಲ್ಲಿ ತೀರಿಕೊಂಡರು.