ಬಿ. ಡಿ. ಜತ್ತಿ

ಬಸಪ್ಪ ದಾನಪ್ಪ ಜತ್ತಿ (ಸೆಪ್ಟೆಂಬರ್ 10, 1912 – ಜೂನ್ 7, 2002) ಭಾರತದ ಐದನೆಯ ಉಪರಾಷ್ಟ್ರಪತಿ, ಹಂಗಾಮಿ ರಾಷ್ಟ್ರಪತಿ ಹಾಗೂ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದ ರಾಜಕಾರಣಿ. ಬಿ. ಡಿ. ಜತ್ತಿ ಎಂಬ ಹೆಸರಿನಿಂದಲೇ ಪ್ರಸಿದ್ಧರು. ಜಮಖಂಡಿ ಪುರಸಭೆಯ ಸದಸ್ಯತ್ವದಿಂದ ಆರಂಭವಾದ ಅವರ ಸಾರ್ವಜನಿಕ ಜೀವನವು ಸಂಸ್ಥಾನ, ಪ್ರಾಂತ್ಯ, ರಾಜ್ಯ ಮತ್ತು ಕೇಂದ್ರ ಎಂಬ ಎಲ್ಲ ಹಂತಗಳನ್ನೂ ಹಾದುಹೋಯಿತು. ನೇರ ಬಹುಮತದ ಚುನಾವಣೆ ಮತ್ತು ಪ್ರಮಾಣಾನುಗುಣ ಪ್ರಾತಿನಿಧ್ಯದ ಚುನಾವಣೆ ಎರಡರಲ್ಲೂ ಗೆದ್ದವರು ಅವರು.

ಜನನ ಮತ್ತು ಶಿಕ್ಷಣ

ಜತ್ತಿಯವರು ಜನಿಸಿದ್ದು ಅಂದಿನ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಸಾವಳಗಿ ಗ್ರಾಮದಲ್ಲಿ. ಈ ಊರು ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. ಕೃಷ್ಣಾ ನದಿಯ ಉತ್ತರಕ್ಕಿರುವ ಸಾವಳಗಿಗೆ ಅಥಣಿ ತಾಲೂಕಿನ ತೆಲಸಂಗದ ಸೀಮೆ ಹತ್ತಿರವಾದದ್ದು. ಆ ಕಾಲದಲ್ಲಿ ಅಥಣಿ ತಾಲೂಕು ಬ್ರಿಟಿಷರ ಮುಂಬಯಿ ಪ್ರಾಂತ್ಯದ ಬೆಳಗಾವಿ ಜಿಲ್ಲೆಗೆ ಸೇರಿತ್ತು. ಜಮಖಂಡಿಯು ಪಟವರ್ಧನ ಮನೆತನದ ಆಳ್ವಿಕೆಯಲ್ಲಿತ್ತು. ಒಂದೇ ಭಾಷೆಯನ್ನಾಡುವ ನೆರೆಹೊರೆಯ ಹಳ್ಳಿಗಳು ಹೀಗೆ ಎರಡು ಆಡಳಿತಗಳಿಗೆ ಹಂಚಿಹೋಗಿದ್ದವು.

ಜತ್ತಿಯವರು ಉನ್ನತ ಶಿಕ್ಷಣಕ್ಕಾಗಿ ಕೊಲ್ಹಾಪುರಕ್ಕೆ ತೆರಳಿದರು. ಅಲ್ಲಿನ ರಾಜಾರಾಮ ಕಾಲೇಜಿನಲ್ಲಿ ಪದವಿಯನ್ನೂ, ಸೈಕ್ಸ್ ಕಾನೂನು ಕಾಲೇಜಿನಲ್ಲಿ ಕಾನೂನು ಪದವಿಯನ್ನೂ ಪಡೆದರು. ಅನಂತರ ಜಮಖಂಡಿಯಲ್ಲಿ ಕೆಲಕಾಲ ವಕೀಲಿ ವೃತ್ತಿ ನಡೆಸಿದರು.

ಜಮಖಂಡಿ ಸಂಸ್ಥಾನದಲ್ಲಿ

1940ರಲ್ಲಿ ಜತ್ತಿಯವರು ಜಮಖಂಡಿ ಪುರಸಭೆಯ ಸದಸ್ಯರಾದರು. 1945ರಲ್ಲಿ ಅದರ ಅಧ್ಯಕ್ಷರಾದರು. ಬಳಿಕ ಸಂಸ್ಥಾನದ ಶಾಸನಸಭೆಗೆ ಆಯ್ಕೆಯಾಗಿ ಮಂತ್ರಿಯಾದರು. 1948ರಲ್ಲಿ ದಿವಾನರ ಹೊಣೆ ಅವರಿಗೆ ದೊರೆಯಿತು. ಸ್ವಾತಂತ್ರ್ಯಾನಂತರ ದಖ್ಖನಿನ ಸಣ್ಣ ಸಂಸ್ಥಾನಗಳು ಭಾರತದಲ್ಲಿ ಲೀನವಾಗುವ ಕಾರ್ಯ ನಡೆದಿತ್ತು. ರಾಜಾ ಶಂಕರರಾವ್ ಪಟವರ್ಧನರ ಆಳ್ವಿಕೆಯಲ್ಲಿದ್ದ ಜಮಖಂಡಿ 1948ರ ಮಾರ್ಚ್ 8ರಂದು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. ಇದರೊಂದಿಗೆ ದಿವಾನ ಪದವಿಯೂ ಕೊನೆಗೊಂಡಿತು. ಜತ್ತಿಯವರು ಮರಳಿ ವಕೀಲಿ ವೃತ್ತಿಗೆ ತೊಡಗಿದರು.

ಮುಂಬಯಿ ರಾಜ್ಯದಲ್ಲಿ

ವಿಲೀನಗೊಂಡ ಪ್ರದೇಶದ ಪ್ರತಿನಿಧಿಯಾಗಿ ಜತ್ತಿಯವರನ್ನು ಮುಂಬಯಿ ಶಾಸನಸಭೆಗೆ ನಾಮಕರಣ ಮಾಡಲಾಯಿತು. ಕೆಲವೇ ದಿನಗಳಲ್ಲಿ ಅವರು ಮುಖ್ಯಮಂತ್ರಿ ಬಿ. ಜಿ. ಖೇರ್ ಅವರ ಸಂಸದೀಯ ಕಾರ್ಯದರ್ಶಿಯಾದರು. 1952ರ ಸಾರ್ವತ್ರಿಕ ಚುನಾವಣೆಯ ನಂತರ ಮುಂಬಯಿ ಸರ್ಕಾರದಲ್ಲಿ ಆರೋಗ್ಯ ಮತ್ತು ಕಾರ್ಮಿಕ ಖಾತೆಗಳ ಹೊಣೆ ಹೊತ್ತರು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೆಳಗಾವಿ, ವಿಜಾಪುರ, ಧಾರವಾಡ ಮತ್ತು ಉತ್ತರ ಕನ್ನಡ ಭಾಗಗಳೊಡನೆ ಅವರೂ ಮೈಸೂರು ವಿಧಾನಸಭೆಗೆ ಬಂದರು.

ಮೈಸೂರಿನಲ್ಲಿ ಅವರ ಮೊದಲ ಮಹತ್ವದ ಕಾರ್ಯ ಭೂಸುಧಾರಣಾ ಸಮಿತಿಯ ಅಧ್ಯಕ್ಷತೆ. ಹೊಸ ರಾಜ್ಯದ ಒಂದೊಂದು ಭಾಗದಲ್ಲಿ ಒಂದೊಂದು ಬಗೆಯ ಗೇಣಿ ಕಾನೂನು ಜಾರಿಯಲ್ಲಿತ್ತು. ಇಡೀ ರಾಜ್ಯಕ್ಕೆ ಒಂದೇ ಕಾನೂನು ರೂಪಿಸಲು ಈ ಸಮಿತಿಯ ವರದಿ ನೆರವಾಯಿತು. ಕಡಿದಾಳ್ ಮಂಜಪ್ಪನವರು ಮಂಡಿಸಿದ 1961ರ ಮೈಸೂರು ಭೂಸುಧಾರಣಾ ಮಸೂದೆಗೆ ಇದು ಆಧಾರವಾಯಿತು. ಆ ಕಾಯ್ದೆ 1965ರ ಅಕ್ಟೋಬರ್ 2ರಿಂದ ಜಾರಿಗೆ ಬಂದಿತು.

ಮುಖ್ಯಮಂತ್ರಿಯಾಗಿ

1958ರಲ್ಲಿ ಎಸ್. ನಿಜಲಿಂಗಪ್ಪನವರು ರಾಜೀನಾಮೆ ನೀಡಿದಾಗ ಕಾಂಗ್ರೆಸ್ ಶಾಸಕಾಂಗ ಪಕ್ಷದ ನಾಯಕತ್ವಕ್ಕೆ ಸ್ಪರ್ಧೆ ನಡೆಯಿತು. ಸ್ವಾತಂತ್ರ್ಯ ಹೋರಾಟಗಾರ ಟಿ. ಸುಬ್ರಹ್ಮಣ್ಯಂ ಅವರ ಪೈಪೋಟಿಯನ್ನು ಎದುರಿಸಿ ಜತ್ತಿಯವರು ನಾಯಕರಾಗಿ ಆಯ್ಕೆಯಾದರು. 1958ರ ಮೇ 16ರಿಂದ 1962ರ ಮಾರ್ಚ್‌ವರೆಗೆ ಅವರು ಮುಖ್ಯಮಂತ್ರಿಯಾಗಿದ್ದರು.

ಅವರ ಅವಧಿಯಲ್ಲಿ ರೂಪುಗೊಂಡ ಪ್ರಮುಖ ಕಾನೂನುಗಳಲ್ಲಿ ಒಂದು 1959ರ ಮೈಸೂರು ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯ್ದೆ. ಅದುವರೆಗೆ ಹಳೆ ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್ ಮತ್ತು ಕೊಡಗು ಪ್ರದೇಶಗಳಲ್ಲಿ ಬೇರೆ ಬೇರೆ ಸ್ಥಳೀಯಾಡಳಿತ ಕಾನೂನುಗಳಿದ್ದವು. ಬೆಳಗಾವಿಯಂಥ ಮುಂಬಯಿ ಭಾಗದ ಜಿಲ್ಲೆಗಳಲ್ಲಿ ಜಿಲ್ಲಾ ಲೋಕಲ್ ಬೋರ್ಡುಗಳಿದ್ದವು. ಹೊಸ ಕಾಯ್ದೆಯು ಗ್ರಾಮ ಪಂಚಾಯಿತಿ, ತಾಲೂಕು ಅಭಿವೃದ್ಧಿ ಮಂಡಳಿ ಮತ್ತು ಜಿಲ್ಲಾ ಅಭಿವೃದ್ಧಿ ಪರಿಷತ್ತು ಎಂಬ ಮೂರು ಹಂತಗಳನ್ನು ರಾಜ್ಯದಾದ್ಯಂತ ಜಾರಿಗೆ ತಂದಿತು.

ಮೊದಲ ಎರಡು ಹಂತಗಳಿಗೆ ವಯಸ್ಕ ಮತದಾನದ ಮೂಲಕ ನೇರ ಚುನಾವಣೆ ನಡೆಯುತ್ತಿತ್ತು. ಪರಿಶಿಷ್ಟರಿಗೂ ಮಹಿಳೆಯರಿಗೂ ಸ್ಥಾನಗಳು ಮೀಸಲಾಗಿದ್ದವು. ಆದರೆ ಜಿಲ್ಲಾ ಪರಿಷತ್ತಿಗೆ ನೇರ ಚುನಾವಣೆ ಇರಲಿಲ್ಲ. ತಾಲೂಕು ಮಂಡಳಿಗಳ ಅಧ್ಯಕ್ಷರು, ಶಾಸಕರು, ಸಂಸದರು ಮತ್ತು ಅಧಿಕಾರಿಗಳು ಅದರಲ್ಲಿದ್ದರು; ಜಿಲ್ಲಾಧಿಕಾರಿಯೇ ಅಧ್ಯಕ್ಷರಾಗಿದ್ದರು. ಹೀಗಾಗಿ ತಾಲೂಕಿನಲ್ಲಿ ಚುನಾಯಿತ ಆಡಳಿತ ಬಲಗೊಂಡರೂ ಜಿಲ್ಲಾ ಮಟ್ಟದಲ್ಲಿ ಮತದಾರನಿಗೆ ನೇರ ಪ್ರತಿನಿಧಿ ಇಲ್ಲದಂತಾಯಿತು. 1983ರ ಕಾಯ್ದೆಯಡಿ 1987ರಲ್ಲಿ ಜಿಲ್ಲಾ ಪರಿಷತ್ ಚುನಾವಣೆಗಳು ನಡೆದ ಮೇಲೆಯೇ ಈ ಕೊರತೆ ನೀಗಿತು.

ಈ ಸಂಸ್ಥೆಗಳ ಚುನಾವಣೆಯಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುವ ಪದ್ಧತಿ ಇತ್ತು. ಐರ್ಲೆಂಡಿನಲ್ಲಿ ಇದಕ್ಕೆ ಭಿನ್ನವಾಗಿ, 1919ರ ಕಾಯ್ದೆಯ ನಂತರ ಕೌಂಟಿ ಪರಿಷತ್ತುಗಳಿಗೆ ಏಕ ವರ್ಗಾವಣೀಯ ಮತದ ಮೂಲಕ ಪ್ರಮಾಣಾನುಗುಣ ಪ್ರಾತಿನಿಧ್ಯದ ಚುನಾವಣೆ ನಡೆಯುತ್ತದೆ. ಭಾರತದಲ್ಲಿ ಸ್ಥಳೀಯ ಸಂಸ್ಥೆಗಳ ಸದಸ್ಯರು ಆ ಪದ್ಧತಿಯನ್ನು ಬಳಸುವುದು ಮತದಾರರಾಗಿ: ಸಂವಿಧಾನದ 171ನೆಯ ವಿಧಿಯಂತೆ ಅವರು ವಿಧಾನ ಪರಿಷತ್ತಿಗೆ ಸದಸ್ಯರನ್ನು ಇದೇ ಕ್ರಮದಲ್ಲಿ ಆರಿಸುತ್ತಾರೆ.

ಮುಖ್ಯಮಂತ್ರಿ ಸ್ಥಾನದ ನಂತರ

1962ರ ಚುನಾವಣೆಯಲ್ಲಿ ಜತ್ತಿಯವರು ಜಮಖಂಡಿಯಿಂದ ಗೆದ್ದರೂ ಮುಖ್ಯಮಂತ್ರಿ ಸ್ಥಾನ ಎಸ್. ಆರ್. ಕಂಠಿಯವರಿಗೆ ಹೋಯಿತು. ಅದೇ ವರ್ಷ ನಿಜಲಿಂಗಪ್ಪನವರು ಮತ್ತೆ ಮುಖ್ಯಮಂತ್ರಿಯಾದಾಗ ಜತ್ತಿಯವರು ಹಣಕಾಸು ಸಚಿವರಾದರು. ತಾವು ಮುನ್ನಡೆಸಿದ್ದ ಸರ್ಕಾರದಲ್ಲಿಯೇ ಮತ್ತೊಬ್ಬರ ಕೈಕೆಳಗೆ ಕೆಲಸ ಮಾಡಲು ಅವರು ಹಿಂಜರಿಯಲಿಲ್ಲ. ಮುಂದೆ ಆಹಾರ ಖಾತೆಯನ್ನೂ ನಿರ್ವಹಿಸಿದರು.

1968ರಿಂದ 1972ರವರೆಗೆ ಪಾಂಡಿಚೇರಿಯ ಲೆಫ್ಟಿನೆಂಟ್ ಗವರ್ನರ್ ಆಗಿಯೂ, 1972ರಿಂದ 1974ರವರೆಗೆ ಒರಿಸ್ಸಾದ ರಾಜ್ಯಪಾಲರಾಗಿಯೂ ಸೇವೆ ಸಲ್ಲಿಸಿದರು. 1973ರ ಮಾರ್ಚ್‌ನಲ್ಲಿ ಒರಿಸ್ಸಾದ ನಂದಿನಿ ಸತ್ಪಥಿ ಸರ್ಕಾರ ರಾಜೀನಾಮೆ ನೀಡಿದಾಗ ಬಿಜು ಪಟ್ನಾಯಕ್ ನೇತೃತ್ವದ ವಿರೋಧ ಪಕ್ಷವು ತನಗೆ ಬಹುಮತವಿದೆಯೆಂದು ಹೇಳಿಕೊಂಡಿತು. ಅವರಿಗೆ ಅವಕಾಶ ನೀಡದೆ ರಾಷ್ಟ್ರಪತಿ ಆಳ್ವಿಕೆ ಹೇರಿದ್ದರಿಂದ ರಾಜ್ಯಪಾಲರ ನಿರ್ಧಾರ ಟೀಕೆಗೆ ಗುರಿಯಾಯಿತು. ವಿಷಯ ಹೈಕೋರ್ಟಿನ ಮೆಟ್ಟಿಲನ್ನೂ ಏರಿತು.

1974ರ ಉಪರಾಷ್ಟ್ರಪತಿ ಚುನಾವಣೆ

ಸಂವಿಧಾನದ 66ನೆಯ ವಿಧಿಯಂತೆ ಸಂಸತ್ತಿನ ಉಭಯ ಸದನಗಳ ಸದಸ್ಯರು ಗುಪ್ತ ಮತದಾನದ ಮೂಲಕ ಉಪರಾಷ್ಟ್ರಪತಿಯನ್ನು ಆರಿಸುತ್ತಾರೆ. ಪದ್ಧತಿ ಪ್ರಮಾಣಾನುಗುಣ ಪ್ರಾತಿನಿಧ್ಯ. ಮತ ಏಕ ವರ್ಗಾವಣೀಯ. ಮತದಾರರು ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಗುರುತಿಸುತ್ತಾರೆ. ಸಿಂಧುವಾದ ಮತಗಳ ಅರ್ಧಕ್ಕೆ ಒಂದನ್ನು ಕೂಡಿಸಿದಾಗ ಬರುವ ಸಂಖ್ಯೆಯೇ ಗೆಲುವಿನ ಮಟ್ಟ. ಯಾರೂ ಆ ಮಟ್ಟ ಮುಟ್ಟದಿದ್ದರೆ ಕಡಿಮೆ ಮತ ಪಡೆದವರನ್ನು ಕೈಬಿಟ್ಟು, ಅವರ ಮತಗಳನ್ನು ಮುಂದಿನ ಪ್ರಾಶಸ್ತ್ಯದಂತೆ ಉಳಿದವರಿಗೆ ವರ್ಗಾಯಿಸಲಾಗುತ್ತದೆ. ಆಯ್ಕೆಯಾಗಬೇಕಾದ ಸ್ಥಾನ ಒಂದೇ ಆದ್ದರಿಂದ ಇಲ್ಲಿ ಪಕ್ಷಗಳಿಗೆ ಪಾಲು ಹಂಚುವ ಪ್ರಶ್ನೆಯಿಲ್ಲ. ಗೆದ್ದವರಿಗೆ ಅರ್ಧಕ್ಕಿಂತ ಹೆಚ್ಚು ಬೆಂಬಲ ಇರುವಂತೆ ಮಾಡುವುದೇ ಪದ್ಧತಿಯ ಫಲ.

1974ರ ಆಗಸ್ಟ್ 27ರಂದು ನಡೆದ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಜತ್ತಿಯವರಿಗೆ ಎದುರಾಳಿಯಾಗಿದ್ದವರು ಝಾರ್ಖಂಡ್ ಭಾಗದ ಆದಿವಾಸಿ ನಾಯಕ ನಿರಲ್ ಎನೆಮ್ ಹೋರೋ. ಜತ್ತಿಯವರಿಗೆ 521, ಹೋರೋ ಅವರಿಗೆ 141 ಮತಗಳು ಬಂದವು. ಒಟ್ಟು 662 ಮತಗಳಲ್ಲಿ ಗೆಲುವಿಗೆ 332 ಸಾಕಾಗಿದ್ದುದರಿಂದ ಮೊದಲ ಎಣಿಕೆಯಲ್ಲೇ ಫಲಿತಾಂಶ ನಿರ್ಧಾರವಾಯಿತು. ಆಗಸ್ಟ್ 31ರಂದು ಜತ್ತಿಯವರು ಅಧಿಕಾರ ಸ್ವೀಕರಿಸಿದರು. ಪದನಿಮಿತ್ತ ರಾಜ್ಯಸಭೆಯ ಸಭಾಪತಿಯೂ ಆದರು.

ಹಂಗಾಮಿ ರಾಷ್ಟ್ರಪತಿ

1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ನಿಧನರಾದರು. ಅಂದೇ ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ತುರ್ತುಪರಿಸ್ಥಿತಿ ಇನ್ನೂ ಜಾರಿಯಲ್ಲಿತ್ತು. ಲೋಕಸಭಾ ಚುನಾವಣೆ ಸಮೀಪಿಸಿತ್ತು. ಮಾರ್ಚ್‌ನಲ್ಲಿ ನಡೆದ ಚುನಾವಣೆಯಲ್ಲಿ ಕಾಂಗ್ರೆಸ್ ಸೋತಿತು, ತುರ್ತುಪರಿಸ್ಥಿತಿ ತೆರವಾಯಿತು. ಮಾರ್ಚ್ 24ರಂದು ಜತ್ತಿಯವರು ಮೊದಲ ಕಾಂಗ್ರೆಸ್ಸೇತರ ಪ್ರಧಾನಿ ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸಿದರು.

ಕಾಂಗ್ರೆಸ್ ಆಡಳಿತವಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಜನತಾ ಸರ್ಕಾರ ಶಿಫಾರಸು ಮಾಡಿದಾಗ ಕಠಿಣ ಪ್ರಸಂಗ ಎದುರಾಯಿತು. ರಾಜ್ಯಗಳು ಹೂಡಿದ್ದ ದಾವೆಗಳನ್ನು ಸುಪ್ರೀಂ ಕೋರ್ಟ್ ವಜಾ ಮಾಡಿದ ಮೇಲೂ ಜತ್ತಿಯವರು ಕೂಡಲೇ ಸಹಿ ಹಾಕಲಿಲ್ಲ. ಸಂಪುಟ ತನ್ನ ಸಲಹೆಯಲ್ಲಿ ಗಟ್ಟಿಯಾಗಿ ನಿಂತಿತು. ಏಪ್ರಿಲ್ 30ರಂದು ಅವರು ಘೋಷಣೆಗಳಿಗೆ ಸಹಿ ಮಾಡಿದರು. ಮಂತ್ರಿಮಂಡಲದ ಸಲಹೆಗೆ ರಾಷ್ಟ್ರಪತಿ ಎಷ್ಟರಮಟ್ಟಿಗೆ ಬದ್ಧರು ಎಂಬ ಚರ್ಚೆಯಲ್ಲಿ ಈ ಘಟನೆ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಜುಲೈ 25ರಂದು ನೀಲಂ ಸಂಜೀವ ರೆಡ್ಡಿಯವರು ರಾಷ್ಟ್ರಪತಿಯಾದ ನಂತರ ಜತ್ತಿಯವರು ಉಪರಾಷ್ಟ್ರಪತಿಯ ಕಾರ್ಯಕ್ಕೆ ಮರಳಿ, 1979ರ ಆಗಸ್ಟ್‌ನಲ್ಲಿ ಅವಧಿ ಪೂರ್ಣಗೊಳಿಸಿದರು.

ಬಸವ ಸಮಿತಿ ಮತ್ತು ಕೊನೆಯ ದಿನಗಳು

1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಬಸವ ಸಮಿತಿಗೆ ಜತ್ತಿಯವರು ಸಂಸ್ಥಾಪಕ ಅಧ್ಯಕ್ಷರು. ಶರಣರ ವಚನ ಸಾಹಿತ್ಯವನ್ನು ಇತರ ಭಾಷೆಗಳಿಗೆ ತಲುಪಿಸುವುದು ಸಮಿತಿಯ ಮುಖ್ಯ ಕಾರ್ಯಗಳಲ್ಲೊಂದು. ಅಧಿಕಾರದಿಂದ ನಿವೃತ್ತರಾದ ಮೇಲೂ ಅವರು ಈ ಕೆಲಸದಲ್ಲಿ ತೊಡಗಿದ್ದರು. ಆತ್ಮಕಥೆಯನ್ನೂ ಬರೆದಿದ್ದಾರೆ. 2002ರ ಜೂನ್ 7ರಂದು ಬೆಂಗಳೂರಿನಲ್ಲಿ ನಿಧನರಾದರು.