ಕಾಣದ ವೈರಿಯನ್ನು ಗೆದ್ದ ಲೂಯಿ ಪಾಶ್ಚರ್

ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್ ನಿಧನರಾದ ದಿನವೂ ಹೌದು. ದನಕರುಗಳನ್ನು ಸಾಕುತ್ತ ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುವ ನಮ್ಮ ಗಡಿಭಾಗದ ಮನೆಗಳು ಅವರ ಬದುಕನ್ನು ಅವಶ್ಯವಾಗಿ ಅರಿಯಬೇಕು.

ಪಾಶ್ಚರ್ 1822ರ ಡಿಸೆಂಬರ್ 27ರಂದು ಡೋಲ್ ಪಟ್ಟಣದಲ್ಲಿ, ಚರ್ಮ ಹದಮಾಡುವ ಕುಟುಂಬದಲ್ಲಿ ಜನಿಸಿದರು. ಬಾಲ್ಯವನ್ನು ಕಳೆದ ಆರ್ಬ್ವಾ ಪಟ್ಟಣದ ಸುತ್ತಮುತ್ತ 1831ರಲ್ಲಿ ಹುಚ್ಚು ತೋಳವೊಂದು ಹಲವರನ್ನು ಕಚ್ಚಿತು. ಕುಲುಮೆಯಲ್ಲಿ ಕಾಯಿಸಿದ ಕಬ್ಬಿಣದಿಂದ ಗಾಯವನ್ನು ಸುಡುವುದೇ ಅಂದಿನ ಚಿಕಿತ್ಸೆಯಾಗಿತ್ತು.

ರಸಾಯನಶಾಸ್ತ್ರಜ್ಞರಾದ ಅವರು ರೇಷ್ಮೆಹುಳುಗಳ ರೋಗವನ್ನು ಅಭ್ಯಸಿಸಿದರು. 1881ರಲ್ಲಿ ಕುರಿ, ದನಗಳಿಗೆ ನೆರಡಿ ರೋಗದ ಲಸಿಕೆ ಹಾಕಿ, ಅದರ ಫಲವನ್ನು ಬಹಿರಂಗವಾಗಿ ತೋರಿಸಿದರು.

ರೇಬಿಸ್‌ನ ರೋಗಾಣು ಮಾತ್ರ ಅವರ ಸೂಕ್ಷ್ಮದರ್ಶಕಕ್ಕೆ ಕಾಣಲಿಲ್ಲ. ಆದರೂ ಅದು ನರಮಂಡಲದಲ್ಲಿ ನೆಲೆಸುತ್ತದೆಂಬುದನ್ನು ಅನುಸರಿಸಿ, ರೋಗ ತಗುಲಿದ ಮೊಲಗಳ ಬೆನ್ನುಹುರಿಯನ್ನು ಒಣಗಿಸಿ ಲಸಿಕೆ ಸಿದ್ಧಪಡಿಸಿದರು. 1885ರ ಜುಲೈ 6ರಂದು, ನಾಯಿ ಕಚ್ಚಿದ್ದ 9 ವರ್ಷದ ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ಅದನ್ನು ಕೊಡಿಸಲಾರಂಭಿಸಿದರು. ಬಾಲಕ ಬದುಕಿದನು. 1888ರಲ್ಲಿ ಪ್ಯಾರಿಸ್ಸಿನಲ್ಲಿ ಪಾಶ್ಚರ್ ಸಂಸ್ಥೆ ಆರಂಭವಾಯಿತು. 1895ರಲ್ಲಿ ಅವರು ತೀರಿಕೊಂಡರು.

1907ರಲ್ಲಿ ನೀಲಗಿರಿಯ ಕೂನೂರಿನಲ್ಲಿಯೂ ಅವರ ಹೆಸರಿನ ಸಂಸ್ಥೆ ತಲೆಯೆತ್ತಿತು. ಕೊಯಮತ್ತೂರಿನ ಆರ್.ಎಸ್. ಪುರಂನಿಂದ ಮೆಟ್ಟುಪಾಳಯದ ಮಾರ್ಗವಾಗಿ ಬೆಟ್ಟ ಹತ್ತಿದರೆ ನಾವು ಆ ಊರನ್ನು ಸೇರುತ್ತೇವೆ.

ಪಾಶ್ಚರ್ ಕಾಣದ ಆ ವೈರಾಣುವಿನ ವಂಶಾವಳಿಯನ್ನೇ ಇಂದು ಓದಲಾಗುತ್ತಿದೆ. ಸುಮಾರು 12,000 ಅಕ್ಷರಗಳಷ್ಟು ಉದ್ದವಿರುವ ಅದರ ಆರ್‌ಎನ್‌ಎಯಲ್ಲಿ ಕಾಲಕ್ರಮೇಣ ಸಣ್ಣ ಬದಲಾವಣೆಗಳಾಗುತ್ತವೆ. ಸತ್ತ ಹಸುವಿನ ಮಿದುಳಿನಲ್ಲಿ ದೊರೆತ ವೈರಾಣುವನ್ನು ನಾಯಿಗಳಲ್ಲಿ ದೊರೆತದ್ದರೊಡನೆ ಹೋಲಿಸಿದರೆ, ರೋಗ ಬಂದ ದಾರಿ ತಿಳಿಯುತ್ತದೆ. ನಮ್ಮ ದೇಶದಲ್ಲಿ ಆ ದಾರಿ ಬಹುಮಟ್ಟಿಗೆ ನಾಯಿಯ ಕಡೆಗೇ ಒಯ್ಯುತ್ತದೆ. ಆದುದರಿಂದ ಬೀದಿಯ ನಾಯಿಗೆ ಹಾಕಿಸಿದ ಲಸಿಕೆ ಕೊಟ್ಟಿಗೆಯ ಹಸುವನ್ನೂ ಕಾಯುತ್ತದೆ.

ರೇಬಿಸ್ ತಗುಲಿದ ಹಸು ಜೊಲ್ಲು ಸುರಿಸುತ್ತದೆ, ಮೇವು ನುಂಗಲಾರದು, ವಿಕಾರವಾಗಿ ಕೂಗುತ್ತದೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ಅದರ ಬಾಯಿಗೆ ಕೈಹಾಕುವುದು ಅಪಾಯಕರ. ಪಶುವೈದ್ಯರನ್ನು ಕರೆಯಬೇಕು. ನಾಯಿ ಕಚ್ಚಿದರೆ, ಅಥವಾ ಅಂತಹ ಹಸುವಿನ ಜೊಲ್ಲು ಗಾಯಕ್ಕೆ ತಾಗಿದರೆ, 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ತೀರ ವಿರಳ.

ಜೀವ ಉಳಿಸುವ ಈ ತಿಳಿವಳಿಕೆ ಮಕ್ಕಳಿಗೆ ತಾಯ್ನುಡಿಯಲ್ಲಿ ತಲುಪಬೇಕು. ಕನ್ನಡ ಕುಟುಂಬಗಳಿರುವ ಗಡಿಯ ಊರುಗಳಲ್ಲಿ ಆಸ್ಪತ್ರೆ, ಪಶುಚಿಕಿತ್ಸಾಲಯಗಳ ಎಚ್ಚರಿಕೆ ಫಲಕಗಳು ಕನ್ನಡದಲ್ಲಿಯೂ ಇರಬೇಕೆಂದು ನಾವು ಆಗ್ರಹಿಸುತ್ತೇವೆ.